ಬುತ್ತಿ

ಕಾಲಿಮ್ನೋಸ್ ದ್ವೀಪದ ಶಾಲೆಯಲ್ಲಿ ಮೂವತ್ತೊಂದು ವರ್ಷ
ವ್ಯಾಕರಣ ಕಲಿಸಿದವನು ನಾನು.
ಧಾತು ಬಿಡಿಸಿ ತೋರಿಸದೆ
ಯಾವ ಪದವನ್ನೂ ಮಕ್ಕಳ ಬಾಯಿಗಿಟ್ಟವನಲ್ಲ,
ಮುಳ್ಳು ತೆಗೆಯದೆ ಮೀನು ಕೊಡದ ತಾಯಿಯ ಹಾಗೆ.

ಒಂದು ಪದ ಮಾತ್ರ ಗಂಟಲಲ್ಲೇ ಉಳಿಯಿತು.
ಎಪಿಯೂಸಿಯೋಸ್.

ದಿನಾ ಹೇಳುವ ಪ್ರಾರ್ಥನೆಯ ನಟ್ಟನಡುವೆ
ರೊಟ್ಟಿಗೆ ಅಂಟಿಕೊಂಡು ಕೂತಿದೆ.
ಮತ್ತಾಯನಲ್ಲಿ ಒಮ್ಮೆ, ಲೂಕನಲ್ಲಿ ಒಮ್ಮೆ,
ಅದೇ ಪ್ರಾರ್ಥನೆ, ಅದೇ ರೊಟ್ಟಿ.
ಅದಕ್ಕೂ ಮೊದಲು ಯಾರ ಹಾಡಿನಲ್ಲೂ ಸಿಕ್ಕಿಲ್ಲ,
ಸಾಲಪತ್ರದಲ್ಲಿಲ್ಲ, ಬೈಗುಳದಲ್ಲಿಲ್ಲ.
ಹುಟ್ಟಿದ ಊರಿಲ್ಲ, ನೆಂಟರಿಲ್ಲ.

ಹೀಗೆ ಒಡೆದರೆ: ಇರುವಿಕೆಗೆ ಬೇಕಾದಷ್ಟು.
ಹಾಗೆ ಒಡೆದರೆ: ಬರುವ ದಿನದ್ದು.
ಅಂದರೆ ನಾವು ಬೇಡುವುದು ಇವತ್ತಿನ ತುತ್ತನ್ನೋ,
ನಾಳೆಯ ತುತ್ತನ್ನು ಇವತ್ತೋ?
ಹುಡುಗರು ಕೇಳಿದರೆ ಕೆಮ್ಮುತ್ತಿದ್ದೆ,
ಗಂಟೆ ಹೊಡೆಯುವ ತನಕ ಕಪ್ಪುಹಲಗೆ ಒರೆಸುತ್ತಿದ್ದೆ.

ಥೆಮೆಲೀನಳ ಒಲೆ ಶಾಲೆಯ ಹಿಂದಿನ ಓಣಿಯಲ್ಲಿತ್ತು.
ಈಸ್ಟರ್ ಕಳೆದ ವಾರ ಅವಳು ಎರಡು ಹಿಟ್ಟು ನಾದುತ್ತಿದ್ದಳು.
ಒಂದು ಮೆತ್ತನೆಯದು, ಓಣಿಯವರಿಗೆ, ಸಂಜೆಯೊಳಗೆ ಖಾಲಿ.
ಇನ್ನೊಂದನ್ನು ಬೇಯಿಸಿ, ಕೊಯ್ದು, ಮತ್ತೆ ಒಲೆಗೆ ತಳ್ಳಿ
ಕಲ್ಲಾಗುವ ತನಕ ಒಣಗಿಸುತ್ತಿದ್ದಳು:
ಆಫ್ರಿಕದ ಕರೆಗೆ ಹೊರಟ ಸ್ಪಂಜಿನ ದೋಣಿಗೆ
ಆರು ತಿಂಗಳ ಗಲೇತಾ.
ನೀರಲ್ಲಿ ನೆನೆಸದೆ ಹಲ್ಲಿಗೆ ಮಣಿಯದು.

ಗಂಡ ಸಕೆಲ್ಲಾರಿಸ್ ಮುಳುಗುಗಾರ.
ಆ ವರ್ಷ ಗೋಣಿಗಳ ಬಾಯಿಗೆ ನೀಲಿ ದಾರ ಹೊಲಿದಳು,
ಪಕ್ಕದವರ ಬುತ್ತಿಯೊಡನೆ ಬೆರೆಯದಿರಲಿ ಎಂದು.

ಅಕ್ಟೋಬರಿನಲ್ಲಿ ದೋಣಿ ಬಂತು.
ಹೋಗಿದ್ದು ಎರಡು ಗೋಣಿ, ಇಳಿದದ್ದು ಒಂದು.
ದೋಣಿಯ ಯಜಮಾನ ಟೋಪಿ ಕೈಯಲ್ಲಿ ಹಿಡಿದು
ಬಾಯಿ ತೆರೆದ, ಮುಚ್ಚಿದ.
ಲೆಕ್ಕ ಗೋಣಿಯೇ ಹೇಳಿತು:
ಜುಲೈ ನಡುವಿನ ತನಕ ಉಂಡಿದ್ದ.
ಆಳದಿಂದ ಅವಸರದಲ್ಲಿ ಮೇಲೆದ್ದವನನ್ನು
ಅಲ್ಲೇ ಮರಳಿನಲ್ಲಿ ಮಲಗಿಸಿ ಬಂದಿದ್ದರು.

ಅವನು ಕೊನೆಗೆ ಕಿತ್ತ ಸ್ಪಂಜು, ಮುಷ್ಟಿಯಷ್ಟು,
ಅವಳು ಚರ್ಚಿಗೆ ಕೊಟ್ಟಳು.
ಪಾದ್ರಿ ಅದರಿಂದಲೇ ಬೆಳ್ಳಿತಟ್ಟೆಯ ಚೂರುಗಳನ್ನು
ಬಟ್ಟಲಿಗೆ ಒರೆಸಿ ಇಳಿಸುತ್ತಾರೆ,
ಒಂದು ಕಣವೂ ನೆಲಕ್ಕೆ ಬೀಳದಂತೆ.

ಚಳಿಗಾಲದಲ್ಲಿ ಒಂದು ಸಂಜೆ
ಕೇಳಬಾರದ್ದನ್ನು ಕೇಳಿದೆ. ಮೇಷ್ಟರ ಚಪಲ.
"ಪ್ರಾರ್ಥನೆಯಲ್ಲಿ ಆ ಪದ ಬರುವಾಗ
ನಿನಗೆ ಏನಂತ ಅನ್ನಿಸುತ್ತದೆ?"

ಅವಳು ಗೋಣಿಯಿಂದ ಒಂದು ಗಲೇತಾ ತೆಗೆದು
ನೀರಿನ ಬಟ್ಟಲಿಗೆ ಬಿಟ್ಟಳು.
"ನೆನೆಯಲಿ, ತಾಳಿ."

ಕಾದೆವು. ಬೆಕ್ಕು ಬಂದು ಮೂಸಿ ಹೋಯಿತು.
ರೊಟ್ಟಿಯಿಂದ ಒಂದೊಂದೇ ಗುಳ್ಳೆ ಎದ್ದು ಬಂತು,
ಕೆಳಗೆ ಯಾರೋ ಉಸಿರು ಬಿಡುತ್ತಿರುವ ಹಾಗೆ.

"ಇದು ಅವನ ಆಗಸ್ಟ್ ಹದಿನಾಲ್ಕು," ಅಂದಳು.
"ದಿನಕ್ಕೊಂದರಂತೆ ಎಣಿಸಿ ತುಂಬಿದ್ದೆ.
ನಾಳೆ ಹದಿನೈದು, ಮಾತೆಯ ಹಬ್ಬ,
ಅದಕ್ಕೆ ಸೋಂಪು ಹಾಕಿ ಬೇಯಿಸಿದ್ದೆ.
ಅವನಿಗೆ ಆ ದಿನಗಳು ಬರಲಿಲ್ಲ.
ನನಗೆ ಹಸಿವು ಬರುತ್ತದೆ, ಮೇಷ್ಟ್ರೇ."

ಮುರಿದಳು. ಅರ್ಧ ನನ್ನ ಕಡೆ ಸರಿಸಿದಳು.

ನಾಲಿಗೆಯ ಮೇಲೆ ಉಪ್ಪು, ಗೋಣಿನಾರಿನ ವಾಸನೆ.
ಇದು ಯಾವ ಕಾಲ? ಭೂತವೋ, ಭವಿಷ್ಯತ್ತೋ?
ಸತ್ತವನ ನಾಳೆಯನ್ನು
ಜನವರಿಯ ಇವತ್ತಿನಲ್ಲಿ ಅಗಿಯುತ್ತಿದ್ದೆ;
ನನ್ನ ಬಳಿ ಅದಕ್ಕೆ ವಿಭಕ್ತಿ ಇರಲಿಲ್ಲ.
ಇಂಥದ್ದೊಂದನ್ನು ಕಂಡವರೇ ಯಾರೋ
ಇದ್ದ ಪದ ಸಾಲದೆ
ಹೊಸದು ಹೊಸೆದರೇನೋ.
ನಿಘಂಟಿನ ಅಂಚಿನಲ್ಲಿ ಇದನ್ನು ಬರೆದು
ಹೊಡೆದುಹಾಕಿದೆ.

ಮರುದಿನ ಕರೆಯದೇ ಹೋದೆ.
ಬಾಗಿಲು ಓರೆಯಾಗಿತ್ತು,
ಒಳಗೆಲ್ಲ ಸೋಂಪಿನ ಗಮ.

ಬಟ್ಟಲು ಒಂದೇ.
ಪಕ್ಕದಲ್ಲಿ ಎರಡು ತಟ್ಟೆ.