ಎರಡು ಸಾವಿರ ಸೈಕಲ್ಲು

ಬಾಗಿಲಾಗ ಕುಂತವ ರಿಜಿಸ್ಟರ್ ಮುಂದ ನೂಕಿದ:
ಹೆಸರು, ದುಕಾನ, ಊರು.
ವ್ಯಾಪಾರಸ್ಥರಿಗಷ್ಟೇ ಒಳಗ ಬಿಡೂ ಸೈಕಲ್ ಮೇಳ.
ಜಗದೇವಿ, ರಿಪೇರಿ ದುಕಾನ, ಶಹಾಬಜಾರ ನಾಕಾ ಅಂತ ಬರದೆ.
ಕೆಳಗ ಅವನ ಹೆಸರು, ಮುಂದ ‘ಪಾಲುದಾರ’ ಅಂತ ಒಂದು ಸುಳ್ಳು.
ಹೆಸರರೇ ಪೂರ್ತಿ ಖರೆ ಏನು?
ಮುಅತಸಿಮ್ ಅಂಬೋದು ನಮ್ಮ ಓಣ್ಯಾಗ
ತಗ್ಗಿಗಿ ಬಿದ್ದ ರಿಮ್ಮಿನಂಗ ಬೆಂಡಾಗಿ
ಮೋತ್ಸಿಂ ಆಗಿ ಮೂರು ವರ್ಷಾತು.

ಫಾರ್ಮಸಿ ಓದ್ಲಾಕ ಬಂದಾನ
ಓಮ್ಡುರ್ಮನ್ ಅಂಬೋ ಊರಿಂದ, ನೈಲ್ ನದಿ ದಂಡಿ.
ಇಲ್ಲಿ ಮಾತು ಕಲ್ತ, ಖಡಕ್ ರೊಟ್ಟಿ ಮುರಿಯೋದು ಕಲ್ತ.
ಬಿಸಲೊಂದು ಕಲೀಬೇಕಾಗಿರಲಿಲ್ಲ.
ಮೇ ತಿಂಗಳಾಗ ನೆತ್ತಿ ಮ್ಯಾಲ ಕೈ ಇಟ್ಟು
‘ಇದು ನಂದೇ’ ಅಂತಿದ್ದ,
ಕಳಕೊಂಡ ಸಾಮಾನು ಸಿಕ್ಕವನಂಗ.

ನನ್ನ ಹಳಿ ಸೈಕಲ್ ಬಾಡಗಿ ತಗೊಂಡಾನ.
ತಿಂಗಳಿಗಿ ಮುನ್ನೂರು, ಎರಡು ತಿಂಗಳದ್ದು ಬಾಕಿ.
ಕೇಳಿಲ್ಲ. ಕೇಳೂದೇ ಇಲ್ಲಂತಲ್ಲ.

ಒಳಗ ಏಸಿ ಗಾಳಿ, ಹೊಸ ರಬ್ಬರಿನ ವಾಸನಿ.
ಇಷ್ಟು ವರ್ಷ ನಾ ಮೂಸಿದ್ದೆಲ್ಲ ಹಳಿ ರಬ್ಬರ್.
ಒಂದು ಸೈಕಲ್ ಎರಡೇ ಬಟ್ಟಿಲೆ ಎತ್ತಿದೆ,
ಎತ್ತಿದ ಮ್ಯಾಲ ನಾಚಿಕಿ ಬಂತು,
ಮಂದಿ ಮನಿ ಕೂಸು ಕೇಳಲಾರದೆ ಎತ್ತಿಕೊಂಡಂಗ.
ಇನ್ನೊಂದಕ್ಕ ಚೈನೇ ಇಲ್ಲ, ಬೆಲ್ಟ್ ಅದ.
‘ಹರದ್ರ?’ ಅಂದೆ.
ಲುಧಿಯಾನದ ಹುಡುಗ ನಕ್ಕ: ‘ಮೇಡಂ, ಮಾಲಕರು ಎಲ್ಲಿ?’

ನನ್ನ ಉಗುರಾಗ ಗ್ರೀಸ್ ಇತ್ತು. ತೋರಿಸಲಿಲ್ಲ.

ಅಷ್ಟರಾಗ ಅವನ ಕಣ್ಣು ಮೋತ್ಸಿಂ ಮ್ಯಾಲ ಬಿತ್ತು.
ಎತ್ತರದ ಆಳು, ಇಸ್ತ್ರಿ ಅಂಗಿ, ಹೊರದೇಶ.
ಕುರ್ಚಿ ಬಂತು. ಚಹಾ ಬಂತು. ಪ್ಲೇಟಿನಾಗ ಗೋಡಂಬಿ.
‘ಎಕ್ಸ್‌ಪೋರ್ಟ್ ಮಾಡ್ತೀವಿ ಸರ್, ನಿಮ್ಮ ಕಡಿ ಮಾರ್ಕೆಟ್ ಹೆಂಗದ?’
ಆರುನೂರು ರೂಪಾಯಿ ಬಾಕಿ ಇಟ್ಟ ಮನುಷ್ಯ
ಕಾಲ ಮ್ಯಾಲ ಕಾಲು ಹಾಕಿದ.

‘ಎರಡು ಸಾವಿರ.’
ನನ್ನ ಗುಟುಕು ಗಂಟಲದಾಗೇ ನಿಂತಿತು.
‘ಕರಿ ಬಣ್ಣ. ಹಿಂದ ಕ್ಯಾರಿಯರ್ ಗಟ್ಟಿ ಇರಬೇಕು,
ಅಲ್ಲಿ ಬ್ರೆಡ್ ಹೇರ್ತಾರ, ಅಜ್ಜಿನ್ನ ಹೇರ್ತಾರ.
ಉಸಕಿನಾಗ ಓಡಬೇಕು, ಟಾಯರ್ ಅಗಲ.’
ಹುಡುಗ ಕ್ಯಾಲ್ಕುಲೇಟರ್ ಒತ್ತಿದ:
ಕಂಟೇನರಿಗಿ ಎಷ್ಟು ಹಿಡಿತಾವ,
ಮುಂಬಯಿಯಿಂದ ಪೋರ್ಟ್ ಸುಡಾನಿಗಿ ಎಷ್ಟು ದಿನ.
‘ಅಲ್ಲಿಂದ ಮುಂದ, ಸರ್?’
ಮೋತ್ಸಿಂ ಹೇಳ್ಕೋತ ಹೋದ, ಯಾವ ರಸ್ತಾ, ಯಾವ ಸೇತುವಿ,
ಸೇತುವಿ ಇಳದ ಕೂಡ್ಲೇ ಬಲಕ್ಕ,
ಬೇವಿನ ಗಿಡದ ಬುಡಕ್ಕ ನಮ್ಮಪ್ಪನ ದುಕಾನ
ಅಂದವ ಅಲ್ಲಿಗಿ ನಿಂತ.
ಒತ್ತುವವರಿಲ್ಲದೆ ಕ್ಯಾಲ್ಕುಲೇಟರಿನ ಅಂಕಿ
ತಾವೇ ಆರಿ ಹೋದವು.

‘ಮಾಲಕರು ಇವರು,’ ಅಂದ, ನನ್ನ ತೋರಿಸಿ.
‘ಇವರು ಹೂಂ ಅನ್ನಬೇಕು.’

ಸೊಲ್ಲಾಪುರ ದಾಟಿ ನಾ ಎಲ್ಲಿಗೂ ಹೋದಾಕಿಯಲ್ಲ.
ಎರಡು ಸಾವಿರ ಸೈಕಲ್ಲು ಸಾಲಾಗಿ ನಿಂತು
ನನ್ನ ಮಾರಿ ನೋಡ್ಲತ್ತಿದ್ದವು.
ಎದ್ದೆ. ಒಂದರ ಪೆಡಲ್ ಹಿಂದಕ್ಕ ತಿರುವಿ ಕಿವಿ ಕೊಟ್ಟೆ.
ಕಟ್ ಕಟ್ ಕಟ್,
ನಡುವ ಒಂದು ಕಟ್ ಇಲ್ಲ.
‘ಫ್ರೀವೀಲಿನಾಗ ಒಂದು ಹಲ್ಲು ಮೊಂಡ ಅದ,’ ಅಂದೆ,
‘ವಿಚಾರ ಮಾಡಿ ಹೇಳ್ತೀನಿ.’
ಹುಡುಗ ನನಗ ‘ಜೀ’ ಅಂದ.

ಹೊರಗ ಬರೂಮುಂದ ರಿಜಿಸ್ಟರ್ ಇಣಿಕಿದೆ.
ಅವನ ಸಾಲಿನಾಗ ಊರಿನ ಖಾನಿ ಖಾಲಿ ಬಿಟ್ಟಿದ್ದೆ,
ಏನು ಬರೀಬೇಕೋ ತಿಳಿದಿರಲಿಲ್ಲ.
ತಾನೇ ತುಂಬ್ಯಾನ, ಬಸ್ಸಿನ ಬೋರ್ಡ್ ಓದಿ ಕಲ್ತ ಅಕ್ಷರ:
ಕಲಬರಗಿ.
ಒಂದು ಕೊಂಬು ಬಿಟ್ಟಾನ.
ನಮ್ಮವ್ವನೂ ಹಂಗೇ ಅಂತಿದ್ದಳು. ತಿದ್ದಲಿಲ್ಲ.

ಸೇಡಂ ರಸ್ತಾದ ತುಂಬ ಬಿಸಲು.
ಅವನ ಸೈಕಲ್ಲಿನ ಹಿಂದಿನ ಗಾಲಿ ಕುಂತಿತ್ತು.
ಪುಕ್ಕಟೆ ಪೆನ್ನು, ಕ್ಯಾಟಲಾಗು ಕ್ಯಾರಿಯರಿಗಿ ಸಿಗಿಸಿ
ನಾಕಾತನಕ ನೂಕ್ಕೋತ ಬಂದಿವಿ.
ಬಕೀಟಿನ ನೀರಾಗ ಟ್ಯೂಬ್ ಅದ್ದಿದಾಗ
ಗುಳ್ಳಿ ಎಲ್ಲಿ ಏಳತಾದ ಅಂತ ಇಬ್ಬರೂ ಬಗ್ಗಿ ನೋಡಿದಿವಿ.

ಪಂಕ್ಚರಿಂದು ಇಪ್ಪತ್ತು ರೂಪಾಯಿ.
ಹೊಸ ಪೆನ್ನಿಲೆ, ಬಾಕಿಗಿ ಸೇರಿಸಿ ಬರಕೊಂಡೆ.