ಬದಲಾವಣೆಗಳಿವೆ, ಬಿಟ್ಟು ಹೊರಡುವಿರಾ?

ಕುಟೈಸಿಯ ನೋಂದಣಿ ಕಚೇರಿಯಿಂದ ದೂರು ಬಂತು:
ಏನೂ ತಿದ್ದದಿದ್ದರೂ ಫಾರಮ್ಮು ಸುಮ್ಮನೆ ಬಿಡುವುದಿಲ್ಲ,
ಬದಲಾವಣೆಗಳಿವೆ, ಬಿಟ್ಟು ಹೊರಡುವಿರಾ, ಅಂತ
ಬಾಗಿಲಿಗೆ ಅಡ್ಡ ನಿಲ್ಲುತ್ತದೆ.
ಬರೆದವರು ಅವ್ತಾಂದಿಲ್, ಮೇಲ್ವಿಚಾರಕರು.
ಕೊನೆಗೆ ಮೂರು ಆಶ್ಚರ್ಯಸೂಚಕ.

ತಪ್ಪು ನನ್ನದೇ.
ಚೌಕದಲ್ಲಿ ಒಂದು ಕೀಲಿ ಒತ್ತಿದರೆ ಸಾಕು
ಬಾವುಟ ಏರಿಸು ಅಂತ ಬರೆದಿದ್ದೆ.
ಒತ್ತಿದ ಅಕ್ಷರವನ್ನು ಒತ್ತಿದವರೇ ಅಳಿಸಿದರೂ
ಅದು ಮೇಲೇ ಇರುತ್ತಿತ್ತು,
ಮದುವೆ ಮುಗಿದ ಮನೆಯ ಚಪ್ಪರದ ಹಾಗೆ.

ಸರಿ, ಹೊಸದು ಬರೆದೆ:
ತೆರೆದಾಗ ಇದ್ದದ್ದನ್ನು ಪಕ್ಕಕ್ಕೆ ಎತ್ತಿಡು,
ಮುಚ್ಚುವಾಗ ಇರುವುದರ ಜೊತೆ ತೂಗಿ ನೋಡು,
ಎಳ್ಳಷ್ಟೂ ವ್ಯತ್ಯಾಸವಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರು.
ಹೆಸರಿನ ಬಾಲಕ್ಕೆ ಅಂಟಿದ ಖಾಲಿ ಜಾಗ
ವ್ಯತ್ಯಾಸವೋ ಅಲ್ಲವೋ,
ಅರ್ಧ ದಿನ ಅದಕ್ಕೇ ಹೋಯಿತು.

ಪರೀಕ್ಷೆಗೆಂದು ಹಳೆಯ ದಾಖಲೆ ಓಡಿಸುವಾಗ ಕಂಡೆ:
ದಿನಾ ಸಂಜೆ ನಾಲ್ಕು ಐವತ್ತಕ್ಕೆ, ಮೂರನೇ ಕಿಟಕಿಯ ಯಂತ್ರದಲ್ಲಿ,
ಒಂದೇ ಕಡತ, ಮನೆತನದ ಹೆಸರಿನ ಚೌಕ.
ಕೊಬಾಖಿಡ್ಜೆ.
ಮುಂದಿನ ಐದಕ್ಷರ ಯಾರೋ ಅಳಿಸುತ್ತಾರೆ,
ಆರು ಬರೆಯುತ್ತಾರೆ: ಲೊಮ್ತಾತಿಡ್ಜೆ.
ಬಾಲ ಎರಡಕ್ಕೂ ಒಂದೇ, ಅದನ್ನು ಮುಟ್ಟಬೇಕಿಲ್ಲ.
ಎರಡು ನಿಮಿಷ ಏನೂ ಇಲ್ಲ.
ಆಮೇಲೆ ಆರು ಅಳಿಸಿ, ಐದು ಮತ್ತೆ.
ಪ್ರಶ್ನೆ ಬರುತ್ತದೆ. ಹೌದು, ಹೊರಡುತ್ತೇನೆ.
ಮೂರು ವರ್ಷದಿಂದ, ರಜಾದಿನ ಬಿಟ್ಟು.

ಹೊಸದನ್ನು ಹಾಕಲು ನಾನೇ ಹೋದೆ.
ಮೂರನೇ ಕಿಟಕಿಯಲ್ಲಿ ತ್ಸಿಯಾಲಾ. ಕನ್ನಡಕಕ್ಕೆ ದಾರ,
ಕೀಲಿಗಳ ಸಂದಿಯಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ.
ಚಹಾ ಕೊಟ್ಟಳು, ಅಂಜೂರದ ಜಾಮ್ ಕೊಟ್ಟಳು.
ಕೆಳಗೆ ಕಾರಿನಲ್ಲಿ ಗಂಡ ಹಾರನ್ ಒತ್ತುತ್ತಿದ್ದ,
ಒಮ್ಮೆಯಲ್ಲ.
ನಾನು ಏನನ್ನೂ ಕೇಳಲಿಲ್ಲ.

ಮಾರನೆ ದಿನ ಐದು ಗಂಟೆಗೆ ಫೋನು:
"ನೆಸ್ತಾನ್, ಅದು ಈಗ ಕೇಳೋದೇ ಇಲ್ವಲ್ಲ."
ಬದಲಾವಣೆ ಇದ್ದರೆ ಕೇಳುತ್ತೆ, ಅಂದೆ.
"ಇಪ್ಪತ್ತೆರಡು ಸಲ ಒತ್ತಿದ್ದೀನಿ.
ಲೆಕ್ಕಕ್ಕೇ ಇಲ್ವಾ?"

ಇದ್ದದ್ದು ಇದ್ದ ಹಾಗೇ ಇದೆಯಲ್ಲ, ಅನ್ನಬೇಕಿತ್ತು.
ನಾಲಿಗೆ ಏಳಲಿಲ್ಲ.

ಅವ್ತಾಂದಿಲರ ದೂರನ್ನು ಮತ್ತೆ ತೆರೆದೆ.
ಮರುಪರಿಶೀಲನೆಗೆ ಕಾರಣ, ಅನ್ನುವ ಚೌಕದಲ್ಲಿ
ಒಂದು ಸಾಲು ಬರೆದೆ. ಅಳಿಸಿದೆ.
ಇನ್ನೊಂದು ಬರೆದೆ, ಸ್ವಲ್ಪ ಉದ್ದದ್ದು. ಅದನ್ನೂ.
ದೀಪ ಆರಿಸುವ ಹೊತ್ತಿಗೆ ಮುಚ್ಚಲು ಹೋದರೆ
ನನ್ನ ಫಾರಮ್ಮೂ
ಏನೂ ಕೇಳದೆ ದಾರಿ ಬಿಟ್ಟಿತು.