ಕಣ್ಣಿಗೆ ಕಟ್ಟಿದ್ದು

ಕಾಯಾನಿಯಿಂದ ಔಲುವಿಗೆ ಹೋಗುವ ಹಳಿ
ವಾಲಾ ದಾಟಿದ ಮೇಲೆ ತುಸು ಎಡಕ್ಕೆ ಹೊರಳುತ್ತದೆ.
ಬರ್ಚ್ ಮರಗಳು ಮುಗಿದಲ್ಲಿ ಗೇಟಿಲ್ಲದ ಒಂದು ದಾಟು.
ಇಪ್ಪತ್ತಾರು ವರ್ಷ ಅಲ್ಲಿ ಕೂಗು ಹಾಕಿದ್ದೇನೆ
ಮೊಲಕ್ಕೆ, ಹಿಮಕ್ಕೆ, ಯಾರೂ ಇಲ್ಲದುದಕ್ಕೆ.

ಆ ಜನವರಿಯಲ್ಲಿ ಯಾರೋ ಇದ್ದರು.

ಇಷ್ಟು ಹೇಳಲು, ಡಾಕ್ಟರಮ್ಮ ಐನಿಕ್ಕಿ,
ನನಗೆ ನಾಲ್ಕು ಮಂಗಳವಾರ ಬೇಕಾಯಿತು.
ಮೊದಲ ದಿನ ನಿಮ್ಮ ಕಿಟಕಿಯ ತಿರುಗಣಿ ಸಡಿಲವಾಗಿದೆ ಎಂದೆ.
ಎರಡನೆಯ ದಿನ, ಕಾಫಿ ಚೆನ್ನಾಗಿಲ್ಲ.
ನೀವು ಒಪ್ಪಿದಿರಿ. ಮೂರನೆಯ ದಿನ
ಬೇರೆ ಪುಡಿ ತಂದಿದ್ದಿರಿ. ಸುಮ್ಮನೆ ಕುಡಿದೆ.

ಸೊನ್ನೆಯಿಂದ ಹತ್ತರೊಳಗೆ ಈಗ ಎಷ್ಟು? ಎಂದಿರಿ.
ಎಂಜಿನ್ ಬಲ್ಲವನಿಗೆ ಅಂಕೆ ಸಲೀಸು.
ಬ್ರೇಕಿನ ಕೊಳವೆಯಲ್ಲಿ ಒತ್ತಡ ಐದು, ವೇಗ ನೂರಾಮೂವತ್ತು,
ನಿಲ್ಲಲು ಬೇಕಾದದ್ದು ಒಂಬೈನೂರು ಮೀಟರು,
ನನಗಿದ್ದದ್ದು ಇನ್ನೂರು.
ಎದೆಯ ಒತ್ತಡಕ್ಕೆ ಮಾತ್ರ ಮುಳ್ಳಿಲ್ಲ, ಗಾಜಿಲ್ಲ.
ಒಂಬತ್ತು, ಎಂದೆ. ಹತ್ತು ಎನ್ನಲು ನಾಚಿಕೆ.
ಸತ್ತವನು ನಾನಲ್ಲವಲ್ಲ.

ಆಮೇಲೆ ಎರಡು ಬೆರಳು ಎತ್ತಿದಿರಿ.
ತಲೆ ತಿರುಗಿಸಬೇಡಿ, ಕಣ್ಣು ಮಾತ್ರ.
ಎಡಕ್ಕೆ. ಬಲಕ್ಕೆ. ಎಡಕ್ಕೆ. ಬಲಕ್ಕೆ.
ಇದೇನು ಮಾಟವೇ ಎಂದು ಒಳಗೊಳಗೇ ನಕ್ಕೆ.
ಮುಂಗಾಜಿನ ಹಿಮ ಒರೆಸುವ ಕಡ್ಡಿಯ ಹಾಗೆ
ಬೆರಳು ಆಚೆ ಈಚೆ ಹೋಗಿ ಹೋಗಿ
ಗಾಜು ತಿಳಿಯಾಗಿ
ಅವಳು ಕಂಡಳು.

ಕಾಲಲ್ಲಿ ತಳ್ಳುವ ಹಿಮಬಂಡಿ. ಹಸಿರು ಉಣ್ಣೆಯ ಟೋಪಿ.
ಎಂಬತ್ತಿರಬಹುದು. ಕಿವಿ ಮಂದ, ಎಂದರು ಪೊಲೀಸರು ಆಮೇಲೆ.
ತಲೆ ಎತ್ತಿದಳು. ಹೆದರಲಿಲ್ಲ.
ಅಡ್ಡ ಬಂದ ನೆರೆಮನೆಯ ನಾಯಿಯನ್ನು ನೋಡುವ ಹಾಗೆ ನೋಡಿದಳು
ಅಷ್ಟು ದೊಡ್ಡ ರೈಲನ್ನು.
ನಾನು ಕಿರುಚುತ್ತಿದ್ದೆ,
ನನ್ನ ಕೂಗು ಯಾವುದು, ಗಾಡಿಯ ಕೂಗು ಯಾವುದು.

ಈಗ ಏನು ಬರುತ್ತಿದೆ?
ಮೊಟ್ಟೆ, ಎಂದೆ.

ಹದಿನಾಲ್ಕು ತಿಂಗಳು ಹೆಂಡತಿಗೂ ಹೇಳದ ಮಾತು.
ಕೈದೀಪ ಹಿಡಿದು ಏಳುನೂರು ಮೀಟರು ಹಿಂದಕ್ಕೆ ನಡೆದೆ.
ಹಿಮದ ಮೇಲೆ ಬುಟ್ಟಿ, ನೆಟ್ಟಗೆ, ಯಾರೋ ಇಳಿಸಿಟ್ಟಂತೆ.
ಆರು ಮೊಟ್ಟೆ.
ಒಂದೂ ಒಡೆದಿರಲಿಲ್ಲ.

ಅದಕ್ಕೇ ಬೆಳಗ್ಗೆ ಬಾಣಲೆಯ ಚುಂಯ್ ಸದ್ದಿಗೆ
ಬರಿಗಾಲಲ್ಲಿ ಅಂಗಳಕ್ಕೆ ಓಡುವುದು,
ಅಂಗಡಿಯಲ್ಲಿ ಆ ಸಾಲು ಬಂದರೆ ಬೆವರುವುದು.
ಜನ ತಿಳಿದರು, ಇವನಿಗೆ ರೈಲಿನ ಭಯವೆಂದು.
ರೈಲೇನು ಮಾಡಿತು, ಪಾಪ.

ಕಣ್ಣಿಗೆ ಕಟ್ಟಿದಂತಿದೆ ಅನ್ನುತ್ತಾರೆ.
ಕಟ್ಟಿದ್ದು ಎಂದರೆ ಗಂಟು ಇರಲೇಬೇಕು.
ನೀವು ಅದನ್ನು ಬಿಚ್ಚಲಿಲ್ಲ, ಕತ್ತರಿಸಲಿಲ್ಲ,
ಹೆಪ್ಪುಗಟ್ಟಿದ ಹಗ್ಗವನ್ನು ದೋಣಿಯವರು ಮಾಡುವಂತೆ
ಆಚೆ ಈಚೆ ಆಡಿಸಿದಿರಿ,
ಎಳೆಯದೆ.

ಎಂಟು. ಎಂಟು. ಮತ್ತೆ ಒಂಬತ್ತು, ಆ ವಾರ ಕುಡಿದಿದ್ದೆ.
ಆರು.
ಒಮ್ಮೆ ನಿಮ್ಮ ಬಲಗೈ ಸೋತು ಎಡಗೈ ಎತ್ತಿದಿರಿ,
ಉಂಗುರ ತೆಗೆದ ಬಿಳಿ ಗುರುತು ಕಂಡಿತು.
ಕೇಳಲಿಲ್ಲ. ನಿಮ್ಮದಕ್ಕೆ ಬೆರಳಾಡಿಸುವವರು ಯಾರೋ.

ಮೇ ತಿಂಗಳಲ್ಲಿ ಹಿಲ್ಕಾ ಜೊತೆ ಪ್ರಯಾಣಿಕನಾಗಿ ಹೋದೆ,
ಮೂರನೆಯ ಡಬ್ಬಿ, ಕಿಟಕಿಯ ಪಕ್ಕ.
ಹೆದರಿಕೆ ಬಂದರೆ ಬೂಟಿನೊಳಗೆ ಹೆಬ್ಬೆರಳು ಅಲ್ಲಾಡಿಸಿ ಎಂದಿದ್ದಿರಿ,
ಇಲ್ಲಿದ್ದೀನಿ, ಈಗಿದ್ದೀನಿ ಎಂದು ಪಾದಕ್ಕೆ ನೆನಪಾಗಲಿ ಅಂತ.
ದಾಟು ಬಂತು. ಗಾಡಿ ಕೂಗಿತು.
ಹಿಲ್ಕಾ ಕಣ್ಣು ಮುಚ್ಚಿಕೊಂಡಿದ್ದಳು.
ಹೆಬ್ಬೆರಳು ಅಲ್ಲಾಡಿಸುತ್ತ ಕೂತೆ,
ಐವತ್ತೆಂಟರ ಗಂಡಸು.

ಇಂದು ಮತ್ತೆ ಕೇಳಿದಿರಿ. ಎರಡು, ಎಂದೆ.
ಸೊನ್ನೆಯವರೆಗೆ ಹೋಗೋಣವೇ?
ಬೆರಳು ಆಗಲೇ ಗಾಳಿಯಲ್ಲಿತ್ತು.

ಬೇಡ ಡಾಕ್ಟರಮ್ಮ. ಆ ಎರಡು ನನ್ನದಲ್ಲ,
ಅವಳದು. ಲೆಂಪಿ ಅಂತ ಹೆಸರು, ಪತ್ರಿಕೆಯಲ್ಲಿತ್ತು.
ಮಕ್ಕಳಿರಲಿಲ್ಲವಂತೆ.
ಆರು ಮೊಟ್ಟೆ ಯಾರಿಗೆ ಒಯ್ಯುತ್ತಿದ್ದಳೋ,
ಅಷ್ಟನ್ನಾದರೂ ಯೋಚಿಸುವವನು ಒಬ್ಬನಿರಲಿ.

ನೀವು ಬೆರಳು ಮಡಿಸಿದಿರಿ.
ಕಾಫಿ ಬಗ್ಗಿಸಿದಿರಿ.
ಇವತ್ತೂ ಚೆನ್ನಾಗಿರಲಿಲ್ಲ.